ನಿಂತ ಕೇಜಿನ ಗಂಟೆ

“ಹಿಡಿ ಸೂಗವ್ವ, ಹಿಡಿ, ಹರೀತೈತಿ!”

ಖಾಜಾಸಾಬ ಕೂಗುವಷ್ಟರಲ್ಲಿ ತೂತು ಕೊರೆದ ಕಾಗದದ ಪಟ್ಟಿ ಯಂತ್ರದ ಹಲ್ಲಿನಿಂದ ಜಾರಿ, ಬಕೆಟ್ಟಿನ ಅಂಚು ದಾಟಿ, ಎಣ್ಣೆ ಮೆತ್ತಿದ ನೆಲದ ಮೇಲೆ ಸುರುಳಿ ಸುರುಳಿಯಾಗಿ ಬೀಳತೊಡಗಿತ್ತು. ಸೂಗಮ್ಮ ಮಂಡಿಯೂರಿ ಎರಡೂ ಕೈಯಿಂದ ಅದನ್ನು ಬಾಚಿಕೊಂಡಳು. ಸೆರಗಿಗೆ ಗ್ರೀಸು ಹತ್ತಿದ್ದು ಅವಳಿಗೆ ಕಾಣಲಿಲ್ಲ. ಅವಳ ಕಣ್ಣಿದ್ದದ್ದು ಮೂಲೆಯ ಟೆಲಿಪ್ರಿಂಟರಿನ ಮೇಲೆ. ಅದು ಕಟಕಟನೆ ಒಂದು ಸಾಲು ಬಡಿದು, ಯಾರೋ ಉಸಿರು ಬಿಗಿಹಿಡಿದಂತೆ ನಿಂತುಬಿಟ್ಟಿತ್ತು.

“ಮತ್ತೆ ಏನಂತಮ್ಮ ನಿನ್ನ ಕೂಸು?” ಎಂದರು ವಾಸುದೇವಮೂರ್ತಿ. ಹೊನ್ನಕಲ್ಲು ಗಣಿಯ ಮುಖ್ಯ ಎಂಜಿನಿಯರ್ ಅವರು, ಮೈಸೂರಿನ ಕಡೆಯವರು. ಬೆಳಗಿನಿಂದ ನಿಂತೇ ಇದ್ದುದರಿಂದ ಅವರ ನಗೆಯಲ್ಲಿ ಕಾಲುನೋವು ಬೆರೆತಿತ್ತು.

ಸೂಗಮ್ಮ ಕಾಗದ ಹರಿದು ಓದಿದಳು. ಯಂತ್ರದಲ್ಲಿದ್ದದ್ದು ಇಂಗ್ಲಿಷ್ ಅಕ್ಷರಗಳು, ಆದರೆ ಅದು ಬಡಿದ ಮಾತು ಕನ್ನಡದ್ದು: “ಕೇಜು ನಿಂತಿದೆ. ಗಂಟೆ ಒಂದು ಸಲ ಬಡಿಯಿತು. ಆಗೇನು?”

ಈ ‘ಆಗೇನು’ ಎಂಬುದೇ ಈಗ ಆ ಯಂತ್ರಕ್ಕೆ ಹೆಸರಾಗಿ ನಿಂತಿತ್ತು. ಸರಿಯಾಗಿ ಹೇಳುವುದಾದರೆ ಯಂತ್ರಕ್ಕಲ್ಲ, ಅದರೊಳಗಿನ ಕಂಪೈಲರಿಗೆ. ಮನುಷ್ಯರು ಓದಿ ತಿಳಿಯುವಂತೆ ಬರೆದ ಆಜ್ಞೆಗಳನ್ನು ಯಂತ್ರ ತಿಳಿಯುವ ತೂತುಗಳ ಭಾಷೆಗೆ ತಿರುಗಿಸುವ ದುಭಾಷಿ ಅದು. ಬೇರೆ ದುಭಾಷಿಗಳು ಹೇಳಿದ್ದನ್ನು ಹೇಳಿದ ಹಾಗೆ ತಿರುಗಿಸಿ ಕೈತೊಳೆದುಕೊಳ್ಳುತ್ತಿದ್ದವು. ಸೂಗಮ್ಮ ಬೆಂಗಳೂರಿನ ಸಂಸ್ಥೆಯಲ್ಲಿ ಕೂತು ಕಟ್ಟಿದ ಈ ದುಭಾಷಿ ಮಾತ್ರ ಹೇಳದೆ ಬಿಟ್ಟದ್ದನ್ನು ಹುಡುಕುತ್ತಿತ್ತು. ಆಗಬಹುದಾದ ಸಂದರ್ಭಗಳನ್ನೆಲ್ಲ ಒಂದೊಂದಾಗಿ ಮಗುಚಿ ನೋಡಿ, ಯಾವುದಕ್ಕೆ ಉತ್ತರ ಇಲ್ಲವೋ ಅಲ್ಲಿ ನಿಂತು ಕೇಳುತ್ತಿತ್ತು: ಆಗೇನು? ಉತ್ತರ ಬರೆಯುವ ತನಕ ಪಟ್ಟಿಯನ್ನು ಮುಂದಕ್ಕೆ ಕೊರೆಯುತ್ತಿರಲಿಲ್ಲ. ಉತ್ತರ ಬರೆದರೂ ಸಾಲದು, ಅದರ ಕೊನೆಗೆ ‘ಹೇಳಿದವರು’ ಎಂದು ಒಂದು ಹೆಸರು ಇರಲೇಬೇಕು. ಇಷ್ಟೆಲ್ಲ ಆದಮೇಲೆ ಪಟ್ಟಿಯ ತುದಿಗೆ ತನ್ನ ಮೊಹರು ಕೊರೆಯುತ್ತಿತ್ತು. ಎಲ್ಲೋ ಒಂದು ಕುಲುಮೆ ಸಿಡಿದ ಮೇಲೆ ಸುರಕ್ಷತಾ ಇಲಾಖೆಯವರು ಆ ಮೊಹರಿಲ್ಲದ ಪಟ್ಟಿಯನ್ನು ಯಾವ ದೊಡ್ಡ ಯಂತ್ರಕ್ಕೂ ಏರಿಸಕೂಡದೆಂದು ಆಜ್ಞೆ ಹೊರಡಿಸಿದ್ದರು.

ಹೊನ್ನಕಲ್ಲಿನಲ್ಲಿ ಏರಿಸಬೇಕಾಗಿದ್ದದ್ದು ವೈಂಡರ್‌ಗೆ. ಗಣಿಯ ಆಳದ ಬಾವಿಯಾದ ಶಾಫ್ಟಿನ ಬಾಯಿಂದ ತಳದವರೆಗೆ ಜನರನ್ನೂ ಅದಿರನ್ನೂ ಕೇಜೆಂಬ ಕಬ್ಬಿಣದ ಪಂಜರದಲ್ಲಿ ಇಳಿಸಿ ಏರಿಸುವ ಆನೆಯಂಥ ರಾಟೆ ಅದು. ಕೆಳಗಿನವರು ಗಂಟೆ ಬಡಿಯುತ್ತಾರೆ, ಮೇಲೆ ಖಾಜಾಸಾಬ ಬ್ರೇಕಿನ ಹಿಡಿ ಹಿಡಿದು ಕೇಜನ್ನು ನಡೆಸುತ್ತಾನೆ. ಒಂದು ಬಡಿದರೆ ನಿಲ್ಲು. ಎರಡಕ್ಕೆ ಇಳಿಸು. ಮೂರಕ್ಕೆ ಜನ ಇದ್ದಾರೆ, ಏರಿಸು. ನಾಲ್ಕಕ್ಕೆ ಅದಿರು, ಜೋರಾಗಿ ಎಳೆ. ಶುಕ್ರವಾರ ಮಂತ್ರಿಗಳು ಬಂದು ಗುಂಡಿ ಒತ್ತಿದ ಮೇಲೆ ಈ ಕೆಲಸ ಯಂತ್ರದ್ದು.

“ನಿಂತಿರೋ ಕೇಜಿಗೆ ಯಾರಾದರೂ ನಿಲ್ಲು ಅಂತಾರೇನಮ್ಮ?” ವಾಸುದೇವಮೂರ್ತಿ ನಕ್ಕರು. “ಮಲಗಿದವನನ್ನ ಎಬ್ಬಿಸಿ ಮಲಗು ಅಂದ ಹಾಗಾಯ್ತು. ಬುದ್ಧಿ ಜಾಸ್ತಿಯಾದರೆ ಹೀಗೇ ನೋಡು. ಏನ್ ಖಾಜಾಸಾಬ್, ನಿನ್ನ ಸರ್ವೀಸಲ್ಲಿ ಇಂಥದ್ದು ಕಂಡಿದ್ದೀಯಾ?”

ಬೆಳಗಿನಿಂದ ಯಂತ್ರದ ಒಂದೊಂದು ಪ್ರಶ್ನೆಗೂ ಗಹಗಹಿಸಿ ನಗುತ್ತಿದ್ದವನು, ‘ಇದು ನನ್ನ ಬೀಗ್ತಿಗಿಂತ ಹೆಚ್ಚು ಕೇಳ್ತೈತಿ’ ಎಂದು ಚೇಷ್ಟೆ ಮಾಡುತ್ತಿದ್ದವನು, ಈ ಸಲ ನಗಲಿಲ್ಲ. ಬ್ರೇಕಿನ ಹಿಡಿಯ ಮೇಲಿದ್ದ ಟವೆಲ್ಲನ್ನು ತೆಗೆದು ಮಡಿಸಿದ. ಬಿಚ್ಚಿ ಮತ್ತೆ ಮಡಿಸಿದ.

“ಚಾಚಾ?” ಎಂದಳು ಸೂಗಮ್ಮ.

“ಚಾ ಕುಡೀತಿಯೇನು ಬೇಟಿ? ತರಸ್ತೀನಿ,” ಎಂದು ಅವನು ಎದ್ದು ಹೊರಗೆ ಹೋದ.

ಅವನು ಏಕೆ ಎದ್ದುಹೋದನೆಂದು ಸೂಗಮ್ಮನಿಗೆ ಹೊಳೆಯಿತು. ಅವಳಿಗೂ ಗೊತ್ತಿತ್ತು. ಗಣಿ ಕಾರ್ಮಿಕರ ಮನೆಸಾಲಾದ ಲೈನಿನಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ಗೊತ್ತಿರುವ ಗಂಟೆ ಅದು. ಒಂದು ಬಡಿತ, ಒಂದು ಉಸಿರಿನಷ್ಟು ತಡೆ, ಮತ್ತೊಂದು ಬಡಿತ, ಮತ್ತೆ ತಡೆ. ಕೆಳಗೆ ಯಾರನ್ನೋ ಸ್ಟ್ರೆಚರಿನ ಮೇಲೆ ಮಲಗಿಸಿದ್ದಾರೆ, ಅಲುಗಿಸದೆ ಎಳೆದುಕೋ ಎಂದು ಅದರ ಅರ್ಥ; ಮೇಲೆ ತಲುಪುವ ತನಕ ಸಂಗಡ ಕೇಜಿನಲ್ಲಿರುವವನು ಹಾಗೆಯೇ ಬಡಿಯುತ್ತಿರುತ್ತಾನೆ. ಅದು ಶಾಫ್ಟಿನ ಬಾಯಿಯ ಗಂಟೆಯ ಬೋರ್ಡಿನ ಮೇಲಿಲ್ಲ, ಕಂಪನಿಯ ನಿಯಮಗಳಲ್ಲೂ ಇಲ್ಲ. ಬರೆದಿಟ್ಟರೆ ಸಾವನ್ನೇ ಕರೆದ ಹಾಗೆ ಎಂದು ಹಿಂದಿನವರು ಬರೆಯಲಿಲ್ಲ, ಅವರ ಮಕ್ಕಳು ಬಾಯಿ ಬಿಟ್ಟು ಹೇಳಲೂ ಇಲ್ಲ. ಗಂಟೆಗಳನ್ನೆಲ್ಲ ಕಲೆಹಾಕಿ ಪ್ರೋಗ್ರಾಮು ಬರೆದವಳು ತಾನೇ. ಬೋರ್ಡಿನ ಮೇಲೆ ಇರಲಿಲ್ಲ, ಅದಕ್ಕೆ ಬರೆಯಲಿಲ್ಲ ಎಂದು ಈಗ ತನಗೆ ತಾನೇ ಹೇಳಿಕೊಳ್ಳಬಹುದಿತ್ತು. ಆದರೆ ಬರೆಯುವಾಗ ಕೈ ಅಲ್ಲಿ ಒಂದು ಕ್ಷಣ ತಡೆದದ್ದು ಅವಳಿಗೆ ನೆನಪಿತ್ತು. ತಡೆದು, ಮುಂದಕ್ಕೆ ಹೋಗಿತ್ತು.

ಉತ್ತರವಿಲ್ಲದ ಜಾಗಕ್ಕೆ ಬಂದ ಯಂತ್ರ ಮನುಷ್ಯರ ಹಾಗೆ ತಬ್ಬಿಬ್ಬಾಗಿ ನಿಲ್ಲುವುದಿಲ್ಲ. ಪಟ್ಟಿಯಲ್ಲಿ ಅದರ ಮುಂದೆ ಏನು ಕೊರೆದಿದೆಯೋ ಅದನ್ನೇ ಮಾಡುತ್ತದೆ. ಅಲ್ಲಿ ಮುಂದೆ ಕೊರೆದದ್ದು ಅದಿರು ಎಳೆಯುವ ಆಜ್ಞೆ.

“ಸರ್, ಇದಕ್ಕ ಉತ್ತರ ಬೇಕು,” ಎಂದಳು.

“ನಿಂತೇ ಇರಲಿ ಅಂತ ಬರಿ. ಅಷ್ಟೇ ತಾನೆ?”

“ಆಗ ಕೆಳಗ ಬಿದ್ದವನನ್ನ ಮ್ಯಾಲ ತರೋರು ಯಾರ್ರಿ?”

ವಾಸುದೇವಮೂರ್ತಿಗೆ ಅರ್ಥವಾಗಲಿಲ್ಲ. ಸೂಗಮ್ಮ ಹರಿದ ಕಾಗದವನ್ನು ಮಡಿಸಿಕೊಂಡು ಮನೆಯ ಕಡೆ ಹೊರಟಳು.

*

ಮನೆಯಲ್ಲಿ ಅವ್ವ ದ್ಯಾವಮ್ಮ ರೊಟ್ಟಿ ಬಡಿಯುತ್ತಿದ್ದಳು. ಎರಡನೇ ಪಾಳಿಗೆ ಹೊರಟ ಮೌನೇಶ ತಟ್ಟೆಯ ಮುಂದೆ ಕೂತಿದ್ದ. ಸೂಗಮ್ಮನಿಗಿಂತ ಎರಡು ವರ್ಷ ದೊಡ್ಡವನು ಅಣ್ಣ. ಶಾಫ್ಟಿನ ತಳದಲ್ಲಿ ನಿಂತು ಗಂಟೆ ಬಡಿಯುವುದೇ ಅವನ ಕೆಲಸ.

“ಅವ್ವ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ.”

“ಕೇಳಾಕ ಮೊದ್ಲ ಸಿಟ್ಟಾಗಬ್ಯಾಡ ಅಂದ್ರ ಅದು ಸಿಟ್ಟಾಗೋ ಮಾತ ಇರ್ತೈತಿ. ಕೇಳು.”

“ಬಿದ್ದವರನ್ನ ತರೋ ಗಂಟಿ...”

ದ್ಯಾವಮ್ಮನ ಕೈ ನಿಂತಿತು. ಮೌನೇಶ ಬಾಯಿಗೊಯ್ದಿದ್ದ ತುತ್ತನ್ನು ತಟ್ಟೆಗೆ ಇಳಿಸಿದ.

“ಪಾಳಿಗೆ ಹೊಂಟವನ ಮುಂದ ಇದನ್ನ ತಗೀತಿಯಲ್ಲ, ಓದಿದಾಕಿ ನೀನು!” ಎಂದ.

“ಅಣ್ಣ, ಶುಕ್ರವಾರದಿಂದ ಮ್ಯಾಲ ಖಾಜಾ ಚಾಚಾ ಇರಂಗಿಲ್ಲ. ಯಂತ್ರ ಇರ್ತೈತಿ. ಅದಕ್ಕ ಆ ಗಂಟಿ ಗೊತ್ತಿಲ್ಲ.”

“ಹಂಗಾದ್ರ ಕಲಸು.”

“ಕಲಸಾಕ ಬರೀಬೇಕು. ಬರ್ಯಾಕ ಯಾರರ ಹೇಳಬೇಕು. ಅವರ ಹೆಸರು ಹಾಕಬೇಕು. ನೀ ಹೇಳ್ತಿಯೇನು?”

ಮೌನೇಶ ಎದ್ದು ಕೈತೊಳೆದ. ಗೂಟದ ಮೇಲಿದ್ದ ಹೆಲ್ಮೆಟ್ಟು ತೆಗೆದುಕೊಂಡ. “ಬರೀಸಿದವನ್ನ ಅದು ಮೊದ್ಲ ಕರೀತೈತಿ ಅಂತಾರ. ನನಗ ನಂಬಿಕಿ ಇಲ್ಲ. ಆದ್ರ ನನ್ನ ಸಂಗಾಟ ಇಳಿಯೋರಿಗೆ ಐತಿ. ನನ್ನ ಹೆಸರು ಬರದಿ ಅಂದ್ರ ನಾಳಿಂದ ನನ್ನ ಕೇಜಿನ್ಯಾಗ ಒಬ್ಬನೂ ಕಾಲಿಡಂಗಿಲ್ಲ.”

“ನೀ ಬಿದ್ರ?”

ಅವನು ಹೆಲ್ಮೆಟ್ಟನ್ನು ತಲೆಗೇರಿಸಿದ. “ರೊಟ್ಟಿ ಹೊತ್ತಾಕತ್ತೈತಿ ಅವ್ವ,” ಎಂದು ಹೇಳಿ ಹೊರಟುಹೋದ.

ಹೌದು, ಹೊತ್ತುತ್ತಿತ್ತು. ದ್ಯಾವಮ್ಮ ಅದನ್ನು ಮಗುಚಲಿಲ್ಲ. ಸೂಗಮ್ಮ ಎಂಟನೆಯ ಇಯತ್ತೆಯಲ್ಲಿದ್ದಾಗ ಅವಳ ಅಪ್ಪ ಯಂಕಪ್ಪ ಆ ಗಂಟೆ ಬಡಿಸಿಕೊಂಡೇ ಮೇಲಕ್ಕೆ ಬಂದಿದ್ದ. ಆ ದಿನದ ಬಗ್ಗೆ ಈ ಮನೆಯಲ್ಲಿ ಯಾರೂ ಒಂದು ಮಾತನ್ನೂ ಆಡಿದ್ದಿಲ್ಲ.

*

ಮರುದಿನ ಸೂಗಮ್ಮ ಆ ಗಂಟೆಯ ಅರ್ಥವನ್ನು ಬಿಡಿಸಿ ಹೇಳಿದ ಮೇಲೆ ಪರೀಕ್ಷೆ ಮಾಡೋಣವೆಂದವರು ವಾಸುದೇವಮೂರ್ತಿಯೇ. “ನಿನ್ನ ಭಯ ನಿಜವೋ ಸುಳ್ಳೋ ನೋಡೇಬಿಡೋಣ ಬಾ. ಯಂತ್ರದ ಜೊತೆ ಹಡಗಲ್ಲಿ ಬಂದ ಹಳೇ ಕಂಪೈಲರಿದೆಯಲ್ಲ, ಅದು ಏನೂ ಕೇಳಲ್ಲ. ಅದರಲ್ಲಿ ಪಟ್ಟಿ ಕೊರೆಸ್ತೀನಿ, ಜನ ಇಲ್ಲದ ಪರೀಕ್ಷೆಗೆ ಮೊಹರು ಬೇಕಿಲ್ಲ. ಸ್ಟ್ರೆಚರಿಗೆ ಒಂದು ಮರಳಿನ ಚೀಲ ಕಟ್ಟಿ ಕೆಳಗೆ ಕಳಿಸು. ಗಂಟೆ ಬಡಿ. ಕೇಜು ಮಿಸುಕಾಡಿದರೆ ಆಮೇಲೆ ಮಾತಾಡೋಣ.” ಒಳ್ಳೆಯ ಎಂಜಿನಿಯರಿನ ಮಾತೇ ಅದು. ಸೂಗಮ್ಮ ಒಪ್ಪಿದಳು.

ಕೆಳಗಿದ್ದ ಮೌನೇಶ ಟೆಲಿಫೋನಿನಲ್ಲಿ ಖಡಾಖಂಡಿತ ಹೇಳಿದ: ಮರಳಿನ ಚೀಲ ಕಟ್ಟಿದ್ದೇನೆ, ಜನರನ್ನೆಲ್ಲ ದೂರ ಕಳಿಸಿದ್ದೇನೆ, ಆದರೆ ಯಾರಿಗೂ ಏನೂ ಆಗದ ಹೊತ್ತಿನಲ್ಲಿ ಆ ಗಂಟೆ ಹೊಡೆಯುವವನು ನಾನಲ್ಲ. ಹಾಗಾದರೆ ವೈಂಡರ್ ಮನೆಯಲ್ಲೇ ಇರುವ ಪರೀಕ್ಷೆಯ ಗುಂಡಿ ಒತ್ತಬೇಕು. ಅದನ್ನು ಒತ್ತಿದರೆ ಶಾಫ್ಟಿನ ಬಾಯಿಯ ದೊಡ್ಡ ಗಂಟೆಯೂ ಬಡಿಯುತ್ತದೆ, ಲೈನಿಗೆಲ್ಲ ಕೇಳುತ್ತದೆ.

“ಚಾಚಾ, ಲೈನಿಗೆ ಹೇಳಿ ಕಳಿಸೀರೇನು?”

“ಕಳಿಸೀನಿ ಬೇಟಿ. ಮನಿಮನಿಗೆ ಹೇಳ್ಯಾರ, ಇವತ್ತು ಪರೀಕ್ಷೆ ಐತಿ ಅಂತ.”

ಯಾವ ಗಂಟೆಯ ಪರೀಕ್ಷೆ ಎಂದು ಹೇಳಿ ಕಳಿಸಿದಿರಾ ಎಂದು ಅವಳು ಕೇಳಬೇಕಾಗಿತ್ತು. ಅವಳೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಸೂಗಮ್ಮ ಗುಂಡಿ ಒತ್ತಿದಳು. ಹೊರಗೆ ಗಂಟೆ ಒಂದು ಸಲ ಬಡಿಯಿತು. ಇನ್ನೊಂದು ಬಡಿತ ಬರುವುದೇನೋ ಎಂದು ಯಂತ್ರ ಒಂದು ಉಸಿರು ಕಾಯಿತು. ಬರಲಿಲ್ಲ. ರಾಟೆ ಗುರ್ ಎಂದಿತು. ಉಕ್ಕಿನ ಹಗ್ಗ ನೀರಿನಿಂದ ಎದ್ದ ಹಾವಿನ ಹಾಗೆ ನೆಟ್ಟಗಾಗಿ ಅದಿರಿನ ವೇಗದಲ್ಲಿ ಸುತ್ತತೊಡಗಿತು. ಸೂಗಮ್ಮ, ಕೆಳಗಿನವರು ಬಡಿಯುವಂತೆಯೇ, ಎರಡನೆಯ ಸಲ ಒತ್ತಿದಳು. ಈಗ ಕೇಜು ಓಡುತ್ತಿತ್ತಲ್ಲ, ಓಡುವ ಕೇಜಿಗೆ ಒಂದು ಎಂದರೆ ನಿಲ್ಲು. ಬ್ರೇಕು ಕಚ್ಚಿತು. ನೆಲ ನಡುಗಿತು. ಮೂರನೆಯ ಬಡಿತ: ನಿಂತ ಕೇಜಿಗೆ ಒಂದು. ಮತ್ತೆ ಗುರ್ ಎಂದಿತು. ನಾಲ್ಕನೆಯದಕ್ಕೆ ಮತ್ತೆ ಕಚ್ಚಿತು.

“ಬಿಡಮ್ಮ! ಸಾಕು!” ಎಂದು ಕೂಗಿದರು ವಾಸುದೇವಮೂರ್ತಿ.

ಖಾಜಾಸಾಬ ಯಂತ್ರದ ಸ್ವಿಚ್ಚು ಆರಿಸಿ, ಕೈಯಿಂದಲೇ ಕೇಜನ್ನು ಮೇಲಕ್ಕೆ ತಂದ. ಬಾಗಿಲು ತೆರೆದರೆ ಸ್ಟ್ರೆಚರು ಗೋಡೆಗೆ ಅಡ್ಡಡ್ಡ ಸಿಕ್ಕಿಕೊಂಡಿತ್ತು. ಚೀಲ ಒಡೆದು ಮರಳು ಕೇಜಿನ ತುಂಬ ಚೆಲ್ಲಿತ್ತು. ಸ್ಟ್ರೆಚರಿನ ಕಟ್ಟುಪಟ್ಟಿಗಳು ಮಾತ್ರ ಬಿಚ್ಚಿರಲಿಲ್ಲ.

ಅಷ್ಟರಲ್ಲಿ ಹೆಜ್ಜೆಯ ಸಪ್ಪಳ ಕೇಳಿಸಿತು. ಲೈನಿನ ಹೆಂಗಸರು ಓಡಿ ಬರುತ್ತಿದ್ದರು. ಕಾಲಲ್ಲಿ ಚಪ್ಪಲಿ ಇಲ್ಲ, ಒಬ್ಬಳ ಕಂಕುಳಲ್ಲಿ ಅರ್ಧ ಮಿಂದ ಕೂಸು, ಇನ್ನೊಬ್ಬಳ ಕೈಯಲ್ಲಿ ಇನ್ನೂ ಸೌಟು. ಪರೀಕ್ಷೆ ಇದೆ ಎಂಬುದು ಅವರಿಗೆಲ್ಲ ಗೊತ್ತಿತ್ತು. ಆದರೆ ಆ ಗಂಟೆಯನ್ನು ಪರೀಕ್ಷೆಗೆಂದು ಬಡಿಯುವವರು ಇರಬಹುದೆಂದು ಯಾರು ತಾನೇ ಎಣಿಸಿದ್ದರು? ಎಲ್ಲರ ಮುಂದೆ ದ್ಯಾವಮ್ಮ ಇದ್ದಳು. ಮೊಣಕೈವರೆಗೆ ಜೋಳದ ಹಿಟ್ಟು.

“ಯಾರು?” ಎಂದಳು.

“ಯಾರೂ ಇಲ್ಲವ್ವ. ಮರಳು.”

“ಮೌನೇಶ?”

“ಕೆಳಗ ಅದಾನ. ಆರಾಮ ಅದಾನ. ನಾನ ಹೊಡದೆ ಗಂಟಿ.”

“ಕೈ ಕಡೀಬೇಕು ನಿಂದು!” ಎಂದು ಹಿಂದಿನಿಂದ ಒಬ್ಬಳು ಕಿರುಚಿದಳು. ಇನ್ನೊಬ್ಬಳು ಅಲ್ಲೇ ಕುಸಿದು ಕೂತು ಜೋರಾಗಿ ಅಳತೊಡಗಿದಳು; ಅವಳ ಗಂಡ ಆ ಹೊತ್ತಿಗೆ ಕೆಳಗಿದ್ದ. ಖಾಜಾಸಾಬ ತಲೆ ತಗ್ಗಿಸಿ ನಿಂತಿದ್ದ. ದ್ಯಾವಮ್ಮ ಮಾತ್ರ ಕೇಜಿನ ಹತ್ತಿರ ಹೋಗಿ ಬಗ್ಗಿ, ಹಿಟ್ಟಿನ ಕೈಯಿಂದ ಒಂದು ಹಿಡಿ ಮರಳು ಎತ್ತಿಕೊಂಡಳು.

“ಯಂತ್ರ ಹಿಂಗ ತರತೈತೇನು?”

“ಹೂಂ. ಹೇಳಿ ಕೊಡಲಿಲ್ಲ ಅಂದ್ರ ಹಿಂಗ.”

ದ್ಯಾವಮ್ಮ ಮರಳನ್ನು ಬೆರಳ ಸಂದಿಯಿಂದ ಸೋರಲು ಬಿಟ್ಟಳು. ಆಮೇಲೆ, ಎಲ್ಲ ಹೆಂಗಸರಿಗೂ ಕೇಳುವ ಹಾಗೆ, ಇಷ್ಟು ವರ್ಷ ಆಡದಿದ್ದ ಮಾತನ್ನು ಆಡಿದಳು. “ನಿಮ್ಮಪ್ಪನ್ನ ಈ ಖಾಜಾ ತಂದ. ಕೂಸು ಮಲಗಿದ ತೊಟ್ಟಿಲಾ ಒಯ್ದಂಗ ತಂದ. ಬೆನ್ನು ಮುರಿದಿತ್ತು. ನಾ ಇಲ್ಲೇ ನಿಂತಿದ್ದೆ. ಕಣ್ಣು ತೆರದ. ‘ದ್ಯಾವೀ, ಹುಡುಗೀನ್ನ ಸಾಲಿ ಬಿಡಸಬ್ಯಾಡ’ ಅಂದ. ಆಮ್ಯಾಲ ಹೋದ. ಹಿಂಗ ತಂದಿದ್ರ ಆ ಮಾತು ಕೆಳಗ ಉಳೀತಿತ್ತು. ನೀ ಇವತ್ತು ಜೋಳದ ಹೊಲದಾಗ ಕಳೆ ಕೀಳ್ತಿದ್ದಿ.”

ಅವಳು ಕೈಗೆ ಅಂಟಿದ ಮರಳನ್ನು ಸೆರಗಿಗೆ ಒರೆಸಿಕೊಂಡಳು.

“ನನ್ನ ಹೆಸರು ಬರಿ. ನನ್ನ ಯಾವ ಕೇಜು ಕರೀತೈತಿ? ನಾ ಕೆಳಗ ಇಳಿಯಾಕಿ ಅಲ್ಲ. ಬರಿ.”

ಸೂಗಮ್ಮ ಬರೆದಳು. ನಿಂತ ಕೇಜಿಗೆ ಒಂದು ಗಂಟೆ ಬಂದರೆ, ಆಳು ನಡೆಯುವುದಕ್ಕಿಂತ ಮೆಲ್ಲಗೆ ಏರಿಸು. ಹೇಳಿದವರು: ದ್ಯಾವಮ್ಮ. ‘ಆಗೇನು’ ಅಷ್ಟಕ್ಕೇ ಸುಮ್ಮನಾಗಲಿಲ್ಲ; ಮೆಲ್ಲಗೆ ಏರುವಾಗ ಮತ್ತೆ ಒಂದು ಬಂದರೆ, ಆಗೇನು? “ಏರಾಕತ್ಲಿ. ಅದು ಬಿದ್ದವನ ಉಸಿರು ಇದ್ದಂಗ, ನಡೀತಿರಬೇಕು,” ಎಂದ ಖಾಜಾಸಾಬ. ತನ್ನ ಹೆಸರನ್ನು ತಾನೇ ಎರಡು ಸಲ ಓದಿಸಿ ಕೇಳಿದ. ಬಡಿಯುತ್ತಿದ್ದ ಗಂಟೆ ನಡುವೆ ನಿಂತುಹೋದರೆ, ಆಗೇನು? ಇದಕ್ಕೆ ಉತ್ತರ ಪಾಳಿ ಮುಗಿಸಿ ಬಂದ ಮೌನೇಶನಿಂದ ಬಂತು. ಕೇಜು ಅಲ್ಲೇ ನಿಲ್ಲಲಿ. ಸಂಗಡ ಇರುವವನಿಗೆ ಏನೋ ಕೈ ಸಾಲದಾಗಿದೆ ಎಂದು ಅರ್ಥ. “ನನ್ನ ಹೆಸರು ಅವ್ವನ ಹೆಸರಿನ ಕೆಳಗ ಹಾಕು. ಅಂದ್ರ ಜನ ಇಳೀತಾರ,” ಎಂದ.

ಟೆಲಿಪ್ರಿಂಟರ್ ಏನನ್ನೂ ಕೇಳಲಿಲ್ಲ. ಪಟ್ಟಿ ಬಕೆಟ್ಟಿಗೆ ಇಳಿಯಿತು, ತುದಿಯಲ್ಲಿ ಮೊಹರು.

*

ಪ್ರೊಫೆಸರ್ ಐತಾಳರು ಗುರುವಾರ ರಾಯಚೂರು ಸ್ಟೇಷನ್ನಿನಿಂದ ಜೀಪಿನಲ್ಲಿ ಬಂದಿಳಿದರು. ಸೂಗಮ್ಮನಿಗೆ ಗಣಿತ ಕಲಿಸಿದವರು, ಗಣಿಯ ಹುಡುಗಿಗೆ ಕಂಪೈಲರ್ ಏಕೆಂದು ಸಂಸ್ಥೆಯವರು ಮೂಗು ಮುರಿದಾಗ ಜಗಳವಾಡಿ ಮೇಜು ಕೊಡಿಸಿದವರು. ವಾಸುದೇವಮೂರ್ತಿಯ ಕೋಣೆಯಲ್ಲಿ ಕೂತು ದಣಿದ ಕಣ್ಣುಗಳನ್ನು ಒರೆಸಿಕೊಂಡರು.

“ಮೂರ್ತಿಯವರು ಎಲ್ಲ ಹೇಳಿದ್ರು ಮಾರಾಯ್ತಿ. ಆ ಮರಳಿನ ವಿಷಯವೂ ಹೇಳಿದ್ರು. ನೀನು ಬರೆದದ್ದು ಸರಿ. ಅದರಲ್ಲಿ ನನಗೆ ಸಂಶಯವೇ ಇಲ್ಲ.”

“ಆದರೆ ನಿಯಮದಲ್ಲಿ ಒಂದು ಗಂಟೆ ಅಂದರೆ ನಿಲ್ಲು,” ಎಂದರು ವಾಸುದೇವಮೂರ್ತಿ. ಈಗ ಅವರ ದನಿಯಲ್ಲಿ ನಗೆ ಇರಲಿಲ್ಲ. “ನಿಮ್ಮ ಪಟ್ಟಿ ಏರು ಅನ್ನುತ್ತೆ. ಇಲಾಖೆಯವರು ನಿಯಮ ತಿದ್ದೋಕೆ ಎಷ್ಟು ತಿಂಗಳೋ. ನಾಳೆ ಮಂತ್ರಿಗಳು ಬರ್ತಾರೆ. ನಾನೇನು ರಾಕ್ಷಸ ಅಲ್ಲಮ್ಮ. ಆ ಗಂಟೆ ಬಂದಾಗ ಖಾಜಾಸಾಬ್ ಪಕ್ಕದಲ್ಲೇ ಕೂತಿರಲಿ, ಕೈಯಲ್ಲಿ ನಡೆಸಲಿ. ಪಟ್ಟಿಯಲ್ಲಿ ಮಾತ್ರ ಆ ಜಾಗ ಖಾಲಿ ಇರಲಿ. ಮೊಹರು ಬೀಳಲಿ.”

“ಅವ್ರು ರಿಟೈರ್ ಆದಮ್ಯಾಲ?”

ವಾಸುದೇವಮೂರ್ತಿ ಐತಾಳರ ಕಡೆ ತಿರುಗಿದರು.

ಐತಾಳರು ಮುಂದಕ್ಕೆ ಬಾಗಿದರು. “ಇದೊಂದೇ ಗಣಿಯಾಗಿದ್ರೆ ನಾನು ಇಷ್ಟು ದೂರ ಬರ್ತಿರಲಿಲ್ಲ. ಅಣೆಕಟ್ಟಿನವರು, ರೈಲ್ವೆಯವರು, ಕುಲುಮೆಯವರು, ಎಲ್ಲರ ಪಟ್ಟಿಯೂ ಒಂದೊಂದು ಆಗೇನುವಿನ ಹತ್ತಿರ ನಿಂತುಬಿಟ್ಟಿದೆ. ತಾರೀಕಿನೊಳಗೆ ಉತ್ತರ ಕೊಡ್ಲಿಕ್ಕೆ ಅವರಿಂದ ಆಗುದಿಲ್ಲ. ಹೀಗೇ ಆದ್ರೆ ಎಲ್ಲರೂ ಸೇರಿ ಇಲಾಖೆಯ ಆಜ್ಞೆಯನ್ನೇ ತೆಗೆಸ್ತಾರೆ, ಹಳೆ ಕಂಪೈಲರಿಗೆ ವಾಪಸು ಹೋಗ್ತಾರೆ. ಅದು ಒಂದು ಪ್ರಶ್ನೆಯನ್ನೂ ಕೇಳುದಿಲ್ಲ. ಅದಕ್ಕೆ ಒಂದು ಸಣ್ಣ ಗುಂಡಿ ಹಾಕು. ‘ಇರಲಿ’ ಅಂತ. ಒತ್ತಿದ್ರೆ ಆ ಒಂದು ಪ್ರಶ್ನೆ ಬಿಟ್ಟು ಮುಂದೆ ಹೋಗಬೇಕು. ನೂರರಲ್ಲಿ ತೊಂಬತ್ತಕ್ಕೆ ಉತ್ತರ ಸಿಕ್ಕಿದ್ರೂ ಲಾಭವೇ ಅಲ್ವಾ? ಸಂಸ್ಥೆಯಲ್ಲಿ ನಿನಗೆ ಬೇರೆ ಪ್ರಯೋಗಾಲಯ ಕೊಡ್ತಾರೆ. ಆರು ಜನ ಕೈಕೆಳಗೆ. ನಾನು ಕಾಗದದ ಮೇಲೆ ಬರೆಸಿಕೊಂಡೇ ಬಂದೆ.”

ಪ್ರಯೋಗಾಲಯ. ಸೂಗಮ್ಮನಿಗೆ ಒಂದು ಗಳಿಗೆ ಅದು ಕಣ್ಣಿಗೆ ಕಟ್ಟಿತು: ಉತ್ತರಕ್ಕೆ ತೆರೆದ ಕಿಟಕಿ, ಉದ್ದನೆಯ ಕಪ್ಪು ಹಲಗೆ, ಬಾಗಿಲ ಮೇಲೆ ತನ್ನ ಹೆಸರು. ಬೇಡ ಎನ್ನುವಂಥದ್ದಲ್ಲ ಅದು. ಮೇಷ್ಟ್ರ ಮಾತು ತಪ್ಪೂ ಅಲ್ಲ. ಆದರೆ ಆ ತೊಂಬತ್ತು ಯಾವುವು ಎಂದು ಅವಳು ಯೋಚಿಸಿದಳು. ಸುಲಭದವು. ಬೋರ್ಡಿನ ಮೇಲೆ ಬರೆದವು. ಮೊನ್ನೆ ಇಂಥ ಗುಂಡಿಯೊಂದು ಇದ್ದಿದ್ದರೆ ಅದನ್ನು ಮೊದಲು ಒತ್ತುತ್ತಿದ್ದವಳು ತಾನೇ.

“ಸರ್, ನಮ್ಮ ಕಂಪೈಲರ್ ತನ್ನ ಪ್ರೋಗ್ರಾಮನ್ನೂ ತಾನ ತೂತಿನ ಭಾಷಾಕ ತಿರುಗಿಸ್ಕೊಂತೈತಿ. ನಿಮಗ ಗೊತ್ತೈತಲ್ರಿ. ಗುಂಡಿ ಹಾಕಬೇಕಂದ್ರ ಅದನ್ನ ಅದರ ಹೊಟ್ಟ್ಯಾಗಿಂದನ ಹಾಯಿಸಬೇಕು.”

“ಗೊತ್ತುಂಟು.”

“ಅದು ಕೇಳ್ತೈತಿ. ‘ಇರಲಿ’ ಒತ್ತಿದ್ರು, ಬಿಟ್ಟ ಸಂದರ್ಭ ಬಂದೇ ಬಂತು. ಆಗೇನು?”

“ಏನಾದ್ರೂ ಆಗಲಿ ಅಂತ ಬರಿ.”

“ಬರೀಬಹುದ್ರಿ. ಹೇಳಿದವರು ಯಾರಂತ ಹಾಕಲಿ? ನಿಮ್ಮ ಹೆಸರು ಹಾಕ್ಲೇನ್ರಿ?”

ಐತಾಳರು ಕನ್ನಡಕ ಹಾಕಿಕೊಂಡರು, ತೆಗೆದರು. “ನಾನು ಆ ಪ್ರೋಗ್ರಾಮು ಬರೆದವನಲ್ಲವಲ್ಲ ಮಾರಾಯ್ತಿ.”

ಸೂಗಮ್ಮ ವಾಸುದೇವಮೂರ್ತಿಯ ಕಡೆ ತಿರುಗಿದಳು. ಅವರು ಎರಡೂ ಕೈ ಎತ್ತಿದರು. “ನನ್ನ ಮೇಲೆ ಬೋರ್ಡು ಇದೆ, ಕಂಪನಿ ಇದೆ. ನನ್ನದು ಹೇಗೆ ಬರುತ್ತಮ್ಮ?”

ಹೊರಗೆ ಪಾಳಿ ಬದಲಾಗುವ ಹೊತ್ತು. ಶಾಫ್ಟಿನ ಬಾಯಲ್ಲಿ ಗಂಟೆ ಮೂರು ಸಲ ಬಡಿಯಿತು. ಜನ ಇದ್ದಾರೆ, ಏರಿಸು. ರಾಟೆಯ ಸದ್ದು ನೆಲದೊಳಗಿಂದ ಅವಳ ಪಾದಕ್ಕೆ ತಾಕಿತು. ಬ್ರೇಕಿನ ಹಿಡಿಯ ಮೇಲೆ ಇವತ್ತಿಗೆ ಇನ್ನೂ ಖಾಜಾಸಾಬನ ಕೈ ಇತ್ತು.

“ನೋಡು,” ಎಂದರು ಐತಾಳರು, ಹಿಂದೆ ಕಷ್ಟದ ಪ್ರಮೇಯ ಬಿಡಿಸಿಕೊಡುವಾಗ ಇರುತ್ತಿದ್ದ ಅದೇ ಮೆದು ದನಿಯಲ್ಲಿ. “ಕಂಪೈಲರ್ ನಿನ್ನದು. ಪ್ರಯೋಗಾಲಯದ ಬಾಗಿಲ ಮೇಲೂ ನಿನ್ನ ಹೆಸರೇ ಇರ್ತದೆ. ಇಲ್ಲಿಯೂ ನಿನ್ನದೇ ಹಾಕಿಬಿಡು.”

“ಹಾಕಂಗಿಲ್ಲರಿ ಸರ್,” ಎಂದಳು ಸೂಗಮ್ಮ.